ಅಲ್ಲಾಬಕ್ಷನ ಬೆನ್ನು

ಸುರಪುರದಲ್ಲಿ ವಹಾಬನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ. ಬೆಳಕು ಹರಿಯುವ ಹೊತ್ತಿಗೆ ಎತ್ತುಗಳಿಗೆ ಮೇವು ಹಾಕಲು ಹಿತ್ತಲಿಗೆ ಹೋದರೆ ಗೋಡೆಯಾಚೆ ಅವನು ಬಚ್ಚಲ ಕಲ್ಲಿನ ಮೇಲೆ ನೀರು ಎರೆಯುತ್ತಿರುತ್ತಿದ್ದ. ಕಲ್ಲಿನ ಮೇಲೆ ಯಾರೂ ಇರುತ್ತಿರಲಿಲ್ಲ. ಒಂದು ತಂಬಿಗೆ ಸುರಿದು, ಬಗ್ಗಿ ನೋಡಿ, ಅಂಗೈಯಿಂದ ಗಾಳಿಯನ್ನು ಉಜ್ಜಿ, ಮತ್ತೊಂದು ತಂಬಿಗೆ ಸುರಿಯುತ್ತಿದ್ದ. ಬಾವಿಯಿಂದ ನೀರು ಹೊತ್ತು ತರುವ ಹೆಂಡತಿ ಮಕ್ತುಂಬಿ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದೆ, "ಯಾರಿಗೆ ಎರ್ಯಾಕತ್ತೀಯೋ ಮಾರಾಯಾ?"

"ಪೈಲ್ವಾನ ಬಂದಾನ. ಬೆನ್ನ ಕೊಟ್ಟು ಕುಂತಾನ. ಎಷ್ಟ ಎರದ್ರೂ ಮಣ್ಣ ಹೋಗವಲ್ದು, ಮರಿಲಿಂಗಾ."

ದೆವ್ವ ಗಿವ್ವ ಎಂದವರಿಗೆ ಉಗಿದು ಕಳಿಸುವವನು ನಾನು. ಆದರೂ ಅಂದಿನಿಂದ ಎತ್ತುಗಳನ್ನು ಹಿತ್ತಲು ಬಿಡಿಸಿ ಮನೆ ಮುಂದೆ ಕಟ್ಟತೊಡಗಿದೆ. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೇನು ನಾಚಿಕೆ.

ಹತ್ತಿ ಹಿಂಜಿ ಗಾದಿ ಹೊಲಿಯುವುದು ವಹಾಬನ ಕಸುಬು. ಅದರ ಜೊತೆಗೆ ಊರ ಮುಸಲ್ಮಾನರಲ್ಲಿ ಗಂಡಸರು ತೀರಿಕೊಂಡರೆ ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವುದೂ ಅವನ ಪಾಲಿಗೇ ಬಂದಿತ್ತು. ಆ ಕೆಲಸಕ್ಕೊಂದು ಕಟ್ಟಳೆಯಿದೆ. ತೊಳೆಯುವಾಗ ಮೈಮೇಲೆ ಒಳ್ಳೆಯ ಗುರುತು ಕಂಡರೆ ನಾಲ್ಕು ಮಂದಿಗೆ ಹೇಳಬಹುದು. ಕೆಟ್ಟದ್ದು ಕಂಡರೆ ಬಾಯಿ ಹೊಲಿದುಕೊಂಡಿರಬೇಕು. ವಹಾಬ ಎಂಥೆಂಥವರನ್ನೋ ತೊಳೆದಿದ್ದ. ಯಾರ ಮೈಮೇಲೆ ಏನಿತ್ತು ಎಂದು ಹೆಂಡತಿಯ ಮುಂದೆ ಕೂಡ ಉಸುರಿದವನಲ್ಲ. ಹಾಗಾಗಿ ಅವನ ಮಾತೆಂದರೆ ಮುಸಲ್ಮಾನರಷ್ಟೇ ಅಲ್ಲ, ನಮ್ಮವರೂ ಎದುರಾಡುತ್ತಿರಲಿಲ್ಲ.

ಇಂಥ ಮೌನಿಗೆ ಇದ್ದದ್ದು ಒಂದೇ ಹುಚ್ಚು, ಅಲ್ಲಾಬಕ್ಷ ಪೈಲ್ವಾನ. ನಮ್ಮೂರ ಗರಡಿಯ ಹುಲಿ. ಕುಸ್ತಿಯೇ ಅವನ ಹೊಟ್ಟೆಪಾಡು. ರಾಯಚೂರು, ಗುಲಬರ್ಗಾ, ಹೈದರಾಬಾದಿನ ತನಕ ಹೋಗಿ ಆಡಿ ಬಂದರೂ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನಲ್ಲ. ಯಾದಗಿರಿಯಲ್ಲಾಗಲಿ ಗುರುಮಠಕಲ್ಲಿನಲ್ಲಾಗಲಿ ಅವನ ಕುಸ್ತಿ ಇದೆ ಎಂದರೆ ವಹಾಬ ಹಿಂಜುವ ಬಿಲ್ಲನ್ನು ಮೂಲೆಗೆಸೆದು ನನ್ನ ಗಾಡಿ ಹತ್ತಿಬಿಡುತ್ತಿದ್ದ. ಕಣದಲ್ಲಿ ಅಲ್ಲಾಬಕ್ಷ ಒಮ್ಮೆ ತೊಡೆ ತಟ್ಟಿದರೆ ಸಾಕು, ಈ ಸಣಕಲು ಮನುಷ್ಯ ಪಕ್ಕದವನ ಹೆಗಲು ಹಿಡಿದು ಕುಣಿಯುತ್ತಿದ್ದ. ತನ್ನ ಮಕ್ಕಳು ಹುಟ್ಟಿದಾಗಲೂ ಅಷ್ಟು ಕುಣಿದಿರಲಿಲ್ಲವೆಂದು ಮಕ್ತುಂಬಿ ಕೊನೆತನಕ ಚುಚ್ಚುತ್ತಿದ್ದಳು.

ರಜಾಕಾರರ ಗದ್ದಲಕ್ಕೆ ಇನ್ನೂ ಕೆಲವು ವರ್ಷ ಮುಂಚಿನ ಮಾತು. ನಾಗರಪಂಚಮಿ ಮುಗಿದ ಮೇಲೆ ಶಹಾಪುರದಲ್ಲಿ ಕುಸ್ತಿ ಇಟ್ಟಿದ್ದರು. ಗೆದ್ದವನಿಗೆ ಬೆಳ್ಳಿ ಕಡಗ. ಅಲ್ಲಾಬಕ್ಷನಿಗೆ ಎದುರು ಜೋಡಿಯಾಗಿ ಬಂದವನು ಶಹಾಪುರದ ಪಕ್ಕದ ದೋರನಹಳ್ಳಿಯ ದ್ಯಾವಪ್ಪ, ಮೀಸೆ ಆಗಷ್ಟೇ ಗಟ್ಟಿಯಾದ ಹುಡುಗ. ವಹಾಬ ನನ್ನ ಗಾಡಿ ಹತ್ತಿಯೂ ಆಗಿತ್ತು. ಅಷ್ಟರಲ್ಲಿ ರಂಗಂಪೇಟೆಯಿಂದ ಸಾವಿನ ಸುದ್ದಿ ಬಂತು. ಗೊಣಗುತ್ತ ಇಳಿದು ಹೋದ. ಹೀಗೆ, ಎಲ್ಲ ಕುಸ್ತಿ ನೋಡಿದವನು ಆ ಒಂದನ್ನು ನೋಡಲಿಲ್ಲ.

ನೋಡಲು ಹೋದ ನಾನಾದರೂ ಕಂಡದ್ದೇನು? ಮುಂದೆ ನಿಂತವರ ರುಮಾಲು. ಹೊತ್ತು ಇಳಿಯುವವರೆಗೆ ಇಬ್ಬರೂ ಜಗ್ಗಾಡಿದರು. ಕೊನೆಗೆ ಒಟ್ಟಿಗೇ ದಬ್ಬೆಂದು ಬಿದ್ದರು. ಬಿದ್ದದ್ದೇ ತಡ, ಎರಡೂ ಊರಿನವರು ಕಣಕ್ಕೆ ನುಗ್ಗಿದರು. ಬಿಡಿಸಿ ನೋಡಿದರೆ ಅಲ್ಲಾಬಕ್ಷನ ಕತ್ತು ವಾಲಿತ್ತು, ಉಸಿರಿರಲಿಲ್ಲ. ಬೆನ್ನು ನೋಡುವ ಎಚ್ಚರ ಆಗ ಯಾರಿಗೂ ಇರಲಿಲ್ಲ, ಕಂಬಳಿಯಲ್ಲಿ ಸುತ್ತಿ ನನ್ನ ಗಾಡಿಯಲ್ಲೇ ಊರಿಗೆ ತಂದೆ. ಮರುದಿನ ಬೆಳಿಗ್ಗೆ ವಹಾಬ ಅಳುತ್ತಲೇ ಅವನಿಗೆ ಸ್ನಾನ ಮಾಡಿಸಿದ.

ಮಣ್ಣು ಮಾಡಿ ಬಂದ ಮೇಲೆ ಜಗಳ ಶುರುವಾಯಿತು. ಎರಡೂ ಹೆಗಲು ನೆಲಕ್ಕೆ ಹತ್ತಿದವು, ದ್ಯಾವಪ್ಪ ಗೆದ್ದ ಎಂದು ಶಹಾಪುರದವರು. ಅಲ್ಲಾಬಕ್ಷನ ಬೆನ್ನು ನೆಲ ಕಂಡೇ ಇಲ್ಲ ಎಂದು ನಾವು. ಆಗಿನ್ನೂ ಹಿಂದೂ ಮುಸಲ್ಮಾನ ಎಂಬ ಮಾತಿರಲಿಲ್ಲ, ಊರಿಗೂ ಊರಿಗೂ ನಡೆದ ಹಟ ಅದು. ಕಡಗ ಪಂಚರ ಕೈಯಲ್ಲೇ ಉಳಿಯಿತು. ಕಡೆಗೆ ಯಾರೋ, ಹೆಣ ತೊಳೆದವನನ್ನೇ ಕೇಳೋಣ ಎಂದರು. ಎರಡೂ ಕಡೆಯವರು ಒಪ್ಪಿದರು.

ವಹಾಬ ಪಂಚರ ಮುಂದೆ ನಿಂತ. ಸುಮ್ಮನಿರುವಂತಿಲ್ಲ, ಸುಮ್ಮನಿದ್ದರೆ ಕೆಟ್ಟದ್ದು ಕಂಡಿದ್ದಾನೆ ಎಂದೇ ಅರ್ಥ.

"ಬೆನ್ನ ಸ್ವಚ್ಛ ಇತ್ರಿ. ಮಣ್ಣ ಇರ್ಲಿಲ್ಲ," ಅಂದ.

ನಾವು ಹಲಗೆ ಬಾರಿಸಿಕೊಂಡು ಕಡಗ ತಂದೆವು. ನಾನೂ ಕುಣಿದೆ, ಯಾಕೆ ಸುಳ್ಳು ಹೇಳಲಿ. ಆ ಕುಣಿತದಲ್ಲಿ ಯಾರಿಗೂ ಮುಂದಿನದು ಹೊಳೆಯಲಿಲ್ಲ. ಬೆನ್ನ ಮೇಲೆ ಬೀಳದವನು ಸತ್ತದ್ದು ಹೇಗೆ? ಎತ್ತಿ ಕೆಡವುವಾಗ ಕತ್ತು ಮುರಿದರೆ ಅದು ಕುಸ್ತಿ, ಹಣೆಬರಹ. ಬೋರಲು ಕೆಡವಿಕೊಂಡು ಕತ್ತು ತಿರುವಿದರೆ ಅದು ಕೊಲೆ. ನಾಲ್ಕು ದಿನದಲ್ಲಿ ಊರೂರಿಗೆ ಈ ಲೆಕ್ಕ ತಿಳಿಯಿತು. ದ್ಯಾವಪ್ಪನಿಗೆ ಯಾವ ಗರಡಿಯೂ ಬಾಗಿಲು ತೆರೆಯಲಿಲ್ಲ. ಗೊತ್ತಾಗಿದ್ದ ಹೆಣ್ಣು ತಪ್ಪಿಹೋಯಿತು. ವಡಗೇರಾ ಸಂತೆಯಲ್ಲಿ ಹೆಂಗಸರು ಅವನನ್ನು ತೋರಿಸಿ ಮಕ್ಕಳನ್ನು ಹೆದರಿಸುತ್ತಿದ್ದರಂತೆ.

ಬಚ್ಚಲ ಕಲ್ಲಿಗೆ ನೀರೆರೆಯುವುದು ಶುರುವಾದದ್ದು ಆಗಲೇ. ಒಂದು ಮುಂಜಾನೆ ವಹಾಬ ತಾನೇ ಗೋಡೆಯ ಹತ್ತಿರ ಬಂದು ನನ್ನನ್ನು ಕರೆದು ಹೇಳಿದ. ಮಣ್ಣು ಇತ್ತು. ಆಡುವಾಗ ಎರಚಿದ ಮಣ್ಣಲ್ಲ, ಎರಡೂ ಹೆಗಲ ಹಿಂದೆ ಬೆವರಿಗೆ ಮೆತ್ತಿ ಒಣಗಿದ, ನೆಲದ ಅಚ್ಚೊತ್ತಿದ ಮಣ್ಣು. ಉಗುರಿನಿಂದ ಕೆರೆದು ತೆಗೆಯಬೇಕಾಯಿತಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಹೋಗಿ ಪಂಚರ ಮುಂದ ಹೇಳು. ಆ ಹುಡುಗನ ಬಾಳೇ ಹಾಳಾಗಾಕತ್ತೇತಿ!"

"ಮುಚ್ಚೂದು ನನ್ನ ಧರ್ಮ ಅಲ್ಲೇನೋ? ಆ ಬೆನ್ನ ಬಿಟ್ರ ಅಂವಂದು ಅಂತ ಏನ ಉಳದೈತಿ? ನನ್ನ ಕೈಲೇ ತೊಳದು, ನನ್ನ ಬಾಯಿಲೇ ಮಣ್ಣ ಹಚ್ಚಲೇನು?" ಅನ್ನುತ್ತ ಗೋಡೆಗೆ ಹಣೆಯಿಟ್ಟು ಅತ್ತ. ಅತ್ತವನಿಗೆ ಏನು ಬೈಯುವುದು? ಆದರೆ ಸತ್ತವನು ಮಾತ್ರ ಬರುವುದು ಬಿಡಲಿಲ್ಲ. ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ, ಬೆನ್ನು ಕೊಟ್ಟು ಕೂಡುತ್ತಾನೆ ಎನ್ನುತ್ತಿದ್ದ. ಹತ್ತಿ ಹಿಂಜುತ್ತಿದ್ದವನು ನಡುನಡುವೆ ಕೈ ನಿಲ್ಲಿಸಿ ಉಗುರುಗಳನ್ನು ನೋಡಿಕೊಳ್ಳುತ್ತಿದ್ದ.

ಮಾರನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ವಹಾಬನ ಕಟ್ಟೆಯ ಮೇಲೆ ಕೂತಿದ್ದೆವು. ಒಬ್ಬ ಬಂದು ದೂರದಲ್ಲೇ ಕಾಲಲ್ಲಿನ ಕೆರ ಬಿಟ್ಟು ನಿಂತ. ಮೈ ಇಳಿದು ಗುರುತೇ ಸಿಗದಂತಾಗಿದ್ದ. ದ್ಯಾವಪ್ಪ.

ಹೊಡೆಯಲು ಬಂದಿದ್ದಾನೆಂದು ನಾನು ಎದ್ದು ನಿಂತೆ. ಅವನು ನನ್ನ ಕಡೆ ನೋಡಲೂ ಇಲ್ಲ.

"ಚಾಚಾ, ನಾ ಅವರನ್ನ ಎತ್ತಿ ಒಗದೀನಿ ಅಂತ ತಿಳಕೊಂಡಿದ್ದೆ. ಕಣ್ಣ ಮುಚ್ಚಿದ್ರ ಹಂಗ ಕಾಣತದ. ನೀವು ಬೆನ್ನ ಸ್ವಚ್ಛ ಇತ್ತು ಅಂದ್ರಿ. ತೊಳದವರು ಸುಳ್ಳ ಹೇಳಂಗಿಲ್ಲ. ಅಂದ್ರ ನಾ ಕತ್ತ ತಿರುವೀನಿ, ನನಗ ನೆನಪಿಲ್ಲ, ಅಷ್ಟ. ಅವರ ಗೋರಿ ಎಲ್ಲಿ ಅದ ತೋರಸ್ರಿ. ತಪ್ಪಾತು ಅಂತ ಹೇಳಿ ಹೋಗ್ತೀನಿ."

ವಹಾಬ ಕಟ್ಟೆ ಇಳಿದ. ಹುಡುಗನ ಎರಡೂ ಕೈ ಹಿಡಿದುಕೊಂಡ.

"ಮಣ್ಣ ಇತ್ತಪಾ. ಎರಡೂ ಹೆಗಲಿಗೆ ಇತ್ತು. ನೀ ಎತ್ತಿ ಒಗದದ್ದು ಖರೇ. ನೀ ಗೆದ್ದಿ. ನೀ ಯಾರನ್ನೂ ಕೊಂದಿಲ್ಲ. ಈ ಕೈಲೇ ಕೆರದು ತಗದೀನಿ, ಅಲ್ಲಾನ ಆಣಿ. ನಡಿ, ಪಂಚರ ಮುಂದ ಹೇಳ್ತೀನಿ."

ದ್ಯಾವಪ್ಪ ಕೈ ಬಿಡಿಸಿಕೊಂಡು ಬಗ್ಗಿ ಅವನ ಕಾಲು ಮುಟ್ಟಿದ.

"ನಿಮ್ಮದು ದೊಡ್ಡ ಮನಸ್ಸು, ಚಾಚಾ. ಆದ್ರ ನನ್ನ ಸಮಾಧಾನಕ್ಕಂತ ನಿಮ್ಮ ಬಾಯಾಗ ಸುಳ್ಳ ಬರೂದು ಬ್ಯಾಡ್ರಿ."