ಬಿಸಿಲಿಗಿಟ್ಟ ಸೆಲ್ಲುಗಳು

ನಾವು ಹೈಸ್ಕೂಲು ಮುಗಿಸಿದ ವರ್ಷ ನನ್ನ ಗೆಳತಿಯ ಅಪ್ಪ ಅಂಗಡಿಯನ್ನು ಸೊರಬಕ್ಕೆ ಸಾಗಿಸಿದರು. ಶಿಕಾರಿಪುರದಲ್ಲಿ ನಾನು ಉಳಿದೆ. ಇಬ್ಬರೂ ಸೇರಿ ಕೊಂಡಿದ್ದ, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಅಂಗೈಯಗಲದ ಬ್ರಿಕ್ ಗೇಮ್ ನನ್ನ ಬಳಿ ಉಳಿಯಿತು. ಪ್ರತಿ ಭಾನುವಾರ ಹನ್ನೊಂದರ ಬಸ್ಸಿಗೆ ಅವಳು ಬರುತ್ತಿದ್ದಳು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು. ಎಡಗಡೆಯ ಬಟನ್‌ಗಳಿಂದ ಇಟ್ಟಿಗೆ ಸರಿಸುವುದು ಅವಳು, ಬಲಗಡೆಯ ದೊಡ್ಡ ಬಟನ್ ಒತ್ತಿ ತಿರುಗಿಸುವುದು ನಾನು. "ತಿರುಗ್ಸು ಮಾರಾಯ್ತಿ, ತಿರುಗ್ಸು" ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಸೊರಬದ ಮಾತು ಆಗಲೇ ಅವಳ ನಾಲಿಗೆಗೆ ಹತ್ತಿತ್ತು. ಹಾಗೆ ಜೊತೆಯಾಗಿ ಆಡಿ ಮಾಡಿದ ದೊಡ್ಡ ಸ್ಕೋರು ಪರದೆಯ ಮೂಲೆಯಲ್ಲಿತ್ತು. ಒಬ್ಬಳೇ ಆಡಿ ಅದನ್ನು ಮುರಿಯಬಾರದೆಂದು ಮಾತಾಗಿತ್ತು.

ನನಗೆ ಸುಮ್ಮನೆ ಕೂರುವುದು ಹುಟ್ಟಿನಿಂದಲೇ ಬಾರದು. ಒಂದು ಭಾನುವಾರ ಬೆಳಿಗ್ಗೆ ಪರದೆ ಮಂಕಾಗಿತ್ತು. ಅವಳು ಬಂದಾಗ ಆಟ ಅರ್ಧಕ್ಕೇ ನಿಂತರೆ? ಒಳಗೂ ಹೊರಗೂ ಓಡಾಡಿದೆ. ಕೊನೆಗೆ ಮನೆಯಲ್ಲಿ ಟಾರ್ಚಿಗೆ, ರೇಡಿಯೊಗೆ ಮಾಡುತ್ತಿದ್ದ ಉಪಾಯವನ್ನೇ ಮಾಡಿದೆ: ಸೆಲ್ಲು ಬಿಚ್ಚಿ ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟೆ. ತಿರುಗಿ ಹಾಕಿದಾಗ ಅಂಕಿಗಳು ಕಪ್ಪಗೆ ಚೆನ್ನಾಗಿಯೇ ಮೂಡಿದವು. ಸ್ಕೋರಿನ ಜಾಗದಲ್ಲಿ ಮಾತ್ರ ಸೊನ್ನೆ. ಸೆಲ್ಲು ತೆಗೆದರೆ ಸ್ಕೋರು ಅಳಿಸಿಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಓಡಿದೆ.

ಅವಳು ಇಳಿದವಳೇ ನೋಡಿದಳು.

"ಸ್ಕೋರ್ ಎಲ್ಲೇ?"

"ಗೊತ್ತಿಲ್ಲ. ತಾನೇ ಹೋಗೇತಿ."

"ಸೆಲ್ ತೆಗ್ದಿದ್ಯಾ?"

"ಮುಟ್ಟೇ ಇಲ್ಲ."

ಅವಳು ಹಿಂದಿನ ಮುಚ್ಚಳ ಸರಿಸಿ ಸೆಲ್ಲುಗಳ ಮೇಲೆ ಬೆರಳಿಟ್ಟಳು. ಅವು ಇನ್ನೂ ಬೆಚ್ಚಗಿದ್ದವು. ಮುಚ್ಚಳ ಹಾಕಿ, ಎಡಗಡೆ ಹಿಡಿದು ಕೂತಳು. ನಾನು ಬಲಗಡೆ ಹಿಡಿದೆ. ಆಡಿದೆವು. ಅವಳು "ತಿರುಗ್ಸು" ಎನ್ನಲಿಲ್ಲ, ತಿವಿಯಲೂ ಇಲ್ಲ. ಯಾವಾಗ ಒತ್ತಬೇಕೆಂದೇ ತಿಳಿಯದೆ ಇಟ್ಟಿಗೆಗಳು ಅಡ್ಡಾದಿಡ್ಡಿ ಬಿದ್ದು ಮೇಲಿನವರೆಗೆ ತುಂಬಿದವು. ನನಗೆ ತಡೆಯಲಾಗಲಿಲ್ಲ.

"ನಾನೇ ಬಿಸಿಲಿಗಿಟ್ಟಿದ್ದೆ" ಎಂದೆ.

"ಗೊತ್ತಾಯ್ತು. ಸ್ಕೋರ್ ಹೋದ್ರೆ ಇನ್ನೊಂದ್ಸಲ ಮಾಡ್ತಿದ್ವಿ. ನಂಗ್ಯಾಕೆ ಸುಳ್ಳು ಹೇಳ್ದೆ?"

ಅವಳು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಂಜೆಯ ಬಸ್ಸಿಗೆ ಹೋಗಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಹತ್ತಿದಳು. ನಾಚಿಕೆಯಿಂದ ಕಿಟಕಿಯ ಹತ್ತಿರವೂ ಹೋಗಲಿಲ್ಲ ನಾನು.

ಮುಂದಿನ ಭಾನುವಾರ ಹತ್ತು ಗಂಟೆಗೇ ಹೋಗಿ ನಿಂತೆ. ಅದರ ಮುಂದಿನ ವಾರವೂ. ಬಸ್ಸು ಪೂರ್ತಿ ಖಾಲಿಯಾದ ಮೇಲೂ ಬಾಗಿಲಲ್ಲೇ ನಿಂತಿದ್ದ ನನ್ನನ್ನು ನೋಡಿ ಕಂಡಕ್ಟರು, "ಯಾರಾದ್ರೂ ಬರೋರು ಇದ್ರೇನ್ರೀ?" ಎಂದು ಕೇಳಿದರು.

"ಯಾರಿಲ್ರೀ" ಎಂದೆ.