ನಾಲ್ಕು ಬೆರಳಿನ ಹುಡ್

ಕ್ಯಾಮೆರಾ ಕೊಳ್ಳಲು ಶಿರಸಿಯ ಸ್ಟುಡಿಯೋಕ್ಕೆ ಹೋದಾಗ ನನಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ. ಫೋಟೋಗ್ರಾಫರನ ಹಾಗೆ ನಿಲ್ಲಲು ಮಾತ್ರ ಬರುತ್ತಿತ್ತು. ಒಂದು ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ‘ಸ್ವಲ್ಪ ನಗಿ, ಅಷ್ಟಲ್ಲ’ ಎನ್ನುವುದು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಕ್ಕಿಂತ ನನ್ನ ಕಣ್ಣು ಬಿದ್ದದ್ದು ಲೆನ್ಸಿನ ಮೂತಿಗೆ ಸಿಕ್ಕಿಸುವ ಕಪ್ಪು ಪ್ಲಾಸ್ಟಿಕ್ ಬಳೆಯ ಮೇಲೆ. ಲೆನ್ಸಿಗೆ ಬಿಸಿಲು ಬಡಿಯದಂತೆ ತಡೆಯುವ ಲೆನ್ಸ್ ಹುಡ್ ಅಂದರೆ ಅದೇ. ಹಾಕಿದರೆ ಕ್ಯಾಮೆರಾ ಉದ್ದವಾಗಿ, ತೆಗೆಯುವವನು ದೊಡ್ಡ ಮನುಷ್ಯನಾಗಿ ಕಾಣುತ್ತಾನೆ.

“ಹೊಸಬ್ರಿಗೆ ಇದೆಲ್ಲ ಯಾಕೆ ಭಾಯಿ?” ಎಂದರು ಸ್ಟುಡಿಯೋದ ಸಾಹೇಬರು. “ಬಿಸ್ಲು ಲೆನ್ಸಿಗೆ ಹೊಡೀತಾ? ಕೈ ಹಿಂಗೆ ಅಡ್ಡ ಹಿಡೀರಿ. ದೇವ್ರು ಕೊಟ್ಟಿದ್ದು, ಫ್ರೀ.”

ನಾನು ಕೇಳಲಿಲ್ಲ. ಹುಡ್ ಕೊಂಡೆ. ಮೇಲಿಂದ ಒಂದು ತಿಂಗಳು ಗೆಳೆಯರೆದುರು ಸಾಹೇಬರ ದನಿ ತೆಗೆದು, ಅಂಗೈ ಅಡ್ಡ ಹಿಡಿದು ನಗಿಸಿದೆ. ಆ ತಿಂಗಳಿಡೀ ಹುಡ್ಡನ್ನು ಉಲ್ಟಾ ಹಾಕಿಕೊಂಡು ತಿರುಗುತ್ತಿದ್ದೆ ಎಂಬುದು ಬೇರೆ ಮಾತು. ಬ್ಯಾಗಿನಲ್ಲಿ ಇಡುವಾಗ ಮಾತ್ರ ಹಾಗೆ ಹಾಕುವುದಂತೆ.

ನಮ್ಮ ಮಾವ ಸರ್ಕಾರಿ ಬಸ್ಸಿನ ಡ್ರೈವರ್. ಸಿದ್ದಾಪುರದಿಂದ ಬಿಳಗಿ ಮೇಲೆ ನಿಲ್ಕುಂದಕ್ಕೆ ಸಂಜೆಯ ಟ್ರಿಪ್ ಅವರದ್ದು. ಇಷ್ಟು ವರ್ಷ ಬಸ್ ಓಡಿಸಿದವರಿಗೆ ಬಸ್ಸಿನ ಜೊತೆ ಒಂದೂ ಫೋಟೋ ಇರಲಿಲ್ಲ. ಇದ್ದದ್ದು ಲೈಸೆನ್ಸಿನಲ್ಲಿ, ಅದೂ ಆಗಷ್ಟೇ ಸಿಕ್ಕಿಬಿದ್ದವರ ಹಾಗೆ. ನಿವೃತ್ತಿಯ ದಿನ ನನ್ನನ್ನು ಕರೆದು ಹೇಳಿದರು: “ಸ್ಟೇರಿಂಗ್ ಹಿಡ್ಕಂಡಿದ್ದು ಒಂದು ಫೋಟೋ ಬೇಕು ಮಾರಾಯಾ. ಕೈ ಕಾಣವು. ನಾಳೆಯಿಂದ ಆನೂ ಟಿಕೆಟ್ ತಗಳವು.” ಸ್ಟೇರಿಂಗಿನ ಮೇಲಿನ ಕೈ ಕಾಣಲೇಬೇಕಿತ್ತು ಅವರಿಗೆ.

ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಚಪ್ಪರದ ಕೆಳಗೆ ನಿಂತಿತ್ತು. ಕ್ಯಾಬಿನ್ನಿನಲ್ಲಿ ಕತ್ತಲೆ. ಕ್ಯಾಮೆರಾದ ನೆತ್ತಿಯ ಪುಟ್ಟ ಫ್ಲ್ಯಾಶ್ ಎಬ್ಬಿಸಿ, ಹುಡ್ ಈ ಸಲ ಸರಿಯಾಗಿ ಹಾಕಿ, ಒತ್ತಿದೆ. ನೋಡಿದರೆ ಮಾವನ ಮುಖ ಬಂದಿದೆ. ಕೆಳಗೆ ಸ್ಟೇರಿಂಗಿನ ಮೇಲೆ ಅರ್ಧಚಂದ್ರಾಕಾರದ ಕಪ್ಪು. ಇನ್ನೊಂದು ತೆಗೆದೆ, ಅದೇ ಕಪ್ಪು.

“ಎನ್ನ ಕೈ ಎಲ್ಲಿ ಹೋತಾ?” ಎಂದರು ಮಾವ.

ಕ್ಯಾಮೆರಾ ಕೆಟ್ಟಿದೆ, ಸಾಹೇಬರು ಟೋಪಿ ಹಾಕಿದರು ಎಂದು ಬೈಯಲು ಶುರುಮಾಡಿದೆ. ಹಾವೇರಿ ಕಡೆಯ ಕಂಡಕ್ಟರು ಬಗ್ಗಿ ನೋಡಿದರು. “ಅಲ್ರೀ ಫೋಟೋಗ್ರಾಫರ್ ಸಾಹೇಬ್ರ, ಫ್ಲ್ಯಾಶಿನ ಬೆಳಕು ಮ್ಯಾಲಿಂದ ಬೀಳತೈತಿ, ಈ ಕರೀ ಡಬ್ಬಿ ಅಡ್ಡ ಐತಿ. ಅದರದ ನೆರಳು ಐತಿ ಅದು.”

ಕ್ಯಾಮೆರಾ ಮುಟ್ಟದವರು ಹೇಳಿದ್ದು ಸರಿಯಿತ್ತು. ಹುಡ್ ಕಿತ್ತು ಸೀಟಿನ ಮೇಲಿಟ್ಟೆ. ಅಷ್ಟರಲ್ಲಿ ಹೊರಡುವ ಹೊತ್ತಾಯಿತು, ನಾನೂ ಬಸ್ಸಿನಲ್ಲೇ ಹೊರಟೆ. ಬಿಳಗಿಯ ತಿರುವಿನಲ್ಲಿ ಹುಡ್ ಸೀಟಿನಿಂದ ಉರುಳಿ, ತೆರೆದ ಬಾಗಿಲಿನಿಂದ ಟಿಕೆಟ್ಟಿಲ್ಲದೆ ಇಳಿದುಹೋಯಿತು.

“ಮಾವಾ, ನಿಲ್ಸಿ!”

“ನಿಲ್ಸ್ತ್ನಿಲ್ಲೆ. ಇಲ್ಲಿ ಸ್ಟಾಪ್ ಇಲ್ಲೆ,” ಎಂದರು ಮಾವ, ಕನ್ನಡಿಯನ್ನೂ ನೋಡದೆ.

ನಿಲ್ಕುಂದದಲ್ಲಿ ಬಸ್ ತಿರುಗಿಸಿ ನಿಲ್ಲಿಸಿದಾಗ ಮತ್ತೆ ಹೊರಡಲು ಹತ್ತು ನಿಮಿಷವಿತ್ತು. ವಾಪಸ್ ಹೋಗುವಾಗ ಕತ್ತಲಾಗುತ್ತದೆ, ಆಮೇಲೆ ಬಸ್ ಬೇರೆಯವರದ್ದು. ಮಾವ ತಮ್ಮ ಬದಿಯ ಬಾಗಿಲು ತೆರೆದು, ಸ್ಟೇರಿಂಗ್ ಹಿಡಿದು ಕೂತರು. ಕಂಡಕ್ಟರನ್ನೂ ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡರು. ನಾನು ರಸ್ತೆಯಲ್ಲಿ ನಿಂತು ಒತ್ತಿದೆ. ಬಸ್ಸಿನ ಟಾಪಿನ ಮೇಲಿಂದ ಇಳಿಬಿಸಿಲು ನೇರ ಲೆನ್ಸಿಗೆ ಬಡಿದು, ಫೋಟೋದಲ್ಲಿ ಮಾವನ ಬದಲು ಬರೀ ಹಬೆ.

“ಬಸ್ಸು ಸ್ವಲ್ಪ ತಿರುಗಿಸ್ತ್ರಾ?”

“ನಿನ್ ಫೋಟೋಕ್ಕೆ ಸೂರ್ಯನ್ನ ತಿರುಗ್ಸವನಾ?”

ಈಗ ಬೇಕಿತ್ತು ಹುಡ್. ಅದು ಬಿಳಗಿಯ ಚರಂಡಿಯಲ್ಲಿತ್ತು. ಕ್ಯಾಮೆರಾ ಭಾರಕ್ಕೇ ನನ್ನ ಎರಡೂ ಕೈ ಖರ್ಚಾಗಿದ್ದವು. ಸಾಹೇಬರು ಹೇಳಿದ ದೇವರ ಹುಡ್ ಹಿಡಿಯಲು ಮೂರನೆಯದು ಎಲ್ಲಿಂದ ತರಲಿ? ಕಂಡಕ್ಟರನ್ನು ಕೂಗಿದೆ. ಅವರು ಮಾವನ ಪಕ್ಕ ಬಿಟ್ಟು ಇಳಿದು ಬಂದು, ನನ್ನ ಪಕ್ಕ ನಿಂತು, ಲೆನ್ಸಿನ ಮೇಲೆ ಅಂಗೈ ಚಾಚಿದರು. ಹಬೆ ಹೋಯಿತು. ಮಾವನೂ ಬಂದರು, ಕೈಯೂ ಬಂತು. ಒತ್ತಿದೆ. ಕಂಡಕ್ಟರು ವಾಚು ನೋಡಿ ಓಡಿದರು. ಅವರನ್ನು ಸೇರಿಸಿ ಇನ್ನೊಂದು ತೆಗೆಯಲು ಆಗಲೇ ಇಲ್ಲ.

ಪ್ರಿಂಟು ಹಾಕಿಸಲು ಹೋದಾಗ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ, ಅವರ ದನಿ ತೆಗೆಯುತ್ತಿದ್ದದ್ದೊಂದು ಬಿಟ್ಟು. “ಹಾಗಾದ್ರೆ ಇನ್ನೊಂದು ಹುಡ್ ಕೊಡ್ಲಾ?” ಎಂದರು. ಕೊಂಡೆ. ಬಿಸಿಲಿಗೆ ಎದುರಾದರೆ ಹಾಕುತ್ತೇನೆ, ಫ್ಲ್ಯಾಶ್ ಎಬ್ಬಿಸಿದರೆ ತೆಗೆಯುತ್ತೇನೆ. ಹೊಸಬರಿಗೆ ಹೇಳಲು ನನಗೆ ಗೊತ್ತಿರುವುದು ಇಷ್ಟೇ.

ಫೋಟೋದ ಮೇಲಿನ ಮೂಲೆಯಲ್ಲಿ ನಾಲ್ಕು ಬೆರಳು ಮಸುಕಾಗಿ ಬಂದಿದ್ದವು. ಕತ್ತರಿಸಿ ಚೆಂದ ಮಾಡಿಕೊಡುತ್ತೇನೆ ಎಂದೆ ಮಾವನಿಗೆ. ಅವರು ಮೊದಲು ಸ್ಟೇರಿಂಗಿನ ಮೇಲಿದ್ದ ತಮ್ಮ ಕೈ ನೋಡಿದರು, ಆಮೇಲೆ ಮೂಲೆಯದ್ದು.

“ತೆಗ್ಯಡ. ಅಂವ ಕೈ ಬೀಸಿ ರೈಟ್ ಹೇಳ್ದಂಗೆ ಕಾಣ್ತು.”

ನಾನು ಸುಮ್ಮನಿರಬೇಕಲ್ಲ, ಕಂಡಕ್ಟರ ದನಿಯಲ್ಲಿ “ರೈಟ್ರೀ!” ಎಂದೆ. ಮಾವ ನಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದಂತೆಯೇ ಅವರ ಬಲಗಾಲು ನೆಲವನ್ನು ಸಣ್ಣಗೆ ಒತ್ತಿತು.