ಮಮದಾಪುರದ ಗುಡ್ಡದ ಮೇಲೆ ತೆಗೆದ ಫೋಟೊ

ಮಮದಾಪುರದ ಕಾಡಿನಲ್ಲಿ ಗುಡ್ಡ ಸುತ್ತಿ ಬರುವ ಸೈಕಲ್ ದಾರಿ ಚಿಕ್ಕದು, ತಿರುವುಗಳು ಸೊಗಸು. ತುದಿಯಲ್ಲಿ ಸೈಕಲ್ ನಿಲ್ಲಿಸಿ ಫೋಟೊ ತೆಗೆದುಕೊಂಡು ಇಳಿದೆ. ಕಾಡಿನ ತಂತಿಬೇಲಿಯ ಹತ್ತಿರ ಗಾಲಿಗೆ ಜಾಲಿಮುಳ್ಳು ಚುಚ್ಚಿತು. ಹೊರಗೆ ಕುರಿ ಕಾಯುತ್ತಿದ್ದ ಮುದುಕ ಉಡದಾರಕ್ಕೆ ಕಟ್ಟಿದ್ದ ಚಿಮಟಿಗೆ ಬಿಚ್ಚಿ, ತಂತಿಯ ಸಂದಿಯಲ್ಲಿ ಕೈ ತೂರಿಸಿ, ಕುರಿಯ ಗೊರಸಿನಿಂದ ಕೀಳುವಂತೆ ಮುಳ್ಳು ಕಿತ್ತ.

“ದಾರಿ ಭಾಳ ಚಲೋ ಮಾಡ್ಯಾರ, ಮುತ್ಯಾ,” ಎಂದೆ.

“ಯಾರೂ ಮಾಡಿಲ್ರಿ. ನಮ್ಮ ಕುರಿ ತುಳದು ತುಳದು ಬಿದ್ದ ದಾರಿ ಅದು. ಈಗ ಒಳಗ ಸೈಕಲ್ ಬಿಡ್ತಾರ, ಕುರಿ ಬಿಡಂಗಿಲ್ಲ.”

ಅವನು ಗುಡ್ಡದ ತುದಿ ನೋಡುತ್ತ ಕೇಳಿದ: “ಮ್ಯಾಲಿಂದ ಕೆರಿ ಕಾಣತೈತಿ. ನೀರು ಎಲ್ಲಿತನಕ ಐತ್ರಿ?”

ನಾನು ಕೆರೆ ನೋಡಿರಲಿಲ್ಲ. ಫೋನ್ ತೆಗೆದು ಹುಡುಕಿದೆ. ಒಂದೊಂದು ಫೋಟೊದಲ್ಲೂ ಕೆರೆಗೆ ಅಡ್ಡವಾಗಿ ನನ್ನ ಸೈಕಲ್ಲೇ ನಿಂತಿತ್ತು.